ಬೀಗ ಬಂದಿದೆ, ಹಾಕುವವರಿಲ್ಲ!

ಜಿಲ್ಲೆಯಲ್ಲಿ ವೆಬ್‌ಸೈಟ್ ಇಲ್ಲದ ಸಂಸ್ಥೆಯನ್ನು ಈಗ ಹುಡುಕಬೇಕು. ಕಾಲೇಜಿಗೊಂದು, ಸಹಕಾರ ಸಂಘಕ್ಕೊಂದು, ಕಲ್ಯಾಣ ಮಂಟಪಕ್ಕೊಂದು. ಉದ್ಘಾಟನೆಯ ದಿನ ಗಣ್ಯರು ಗುಂಡಿ ಒತ್ತುತ್ತಾರೆ, ಚಪ್ಪಾಳೆ ಬೀಳುತ್ತದೆ, ಹಾರ ತುರಾಯಿ ಮುಗಿಯುತ್ತದೆ. ಆಮೇಲೆ ಅದರತ್ತ ತಿರುಗಿ ನೋಡುವವರುಂಟೆ?

ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿನ ಬಸ್ ಹತ್ತಿರುತ್ತಾನೆ. ಪಾಸ್‌ವರ್ಡೂ ಅವನ ಜೊತೆಗೇ ಹತ್ತಿರುತ್ತದೆ. ಅಧ್ಯಕ್ಷರು ಅಪ್ಪಿತಪ್ಪಿ ವಿಚಾರಿಸಿದರೆ ಕಾರ್ಯದರ್ಶಿಯ ಉತ್ತರ ಸಿದ್ಧ: "ನಡೀತಾ ಇದೆಯಲ್ಲ ಸಾರ್, ಸುಮ್ನೆ ಮುಟ್ಟೋದ್ಯಾಕೆ?"

ಮುಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2017ರ ವರ್ಡ್‌ಪ್ರೆಸ್ ಪ್ರಕರಣ ನೋಡಬೇಕು. ಜಗತ್ತಿನ ವೆಬ್‌ಸೈಟುಗಳಲ್ಲಿ 100ಕ್ಕೆ 40ಕ್ಕೂ ಹೆಚ್ಚು ಈ ತಂತ್ರಾಂಶದ ಮೇಲೆ ನಿಂತಿವೆ. 2016ರ ಡಿಸೆಂಬರಿನಲ್ಲಿ ಬಂದ ಅದರ 4.7ನೇ ಆವೃತ್ತಿಯಲ್ಲಿ ಒಂದು ಬಿರುಕಿತ್ತು. ಪುಟ ತಿದ್ದಲು ಬಂದವನಿಗೆ ಅಧಿಕಾರ ಇದೆಯೇ ಎಂದು ಮೊದಲು ತಪಾಸಣೆ ಆಗಬೇಕು. ಕಿಡಿಗೇಡಿಯು 123ನೇ ಪುಟ ಎನ್ನುವ ಬದಲು "123ಎಬಿಸಿ" ಎಂದು ಕೇಳಿದರೆ ಸಾಕಾಗಿತ್ತು.

ತಾಲ್ಲೂಕು ಕಚೇರಿಯ ಭಾಷೆಯಲ್ಲೇ ಹೇಳುವುದಾದರೆ, ಬಾಗಿಲಲ್ಲಿ ಕೂತ ಗುಮಾಸ್ತ ಪುಸ್ತಕ ತಿರುವಿ ಹಾಕುತ್ತಾನೆ. 123ಎಬಿಸಿ ಎಂಬ ಸರ್ವೆ ನಂಬರೇ ಇಲ್ಲ. ಇಲ್ಲದ ಜಮೀನಿಗೆ ತಕರಾರು ಎಲ್ಲಿಂದ ಬರಬೇಕು? ಒಳಗೆ ಬಿಡುತ್ತಾನೆ. ಒಳಗಿನ ಗುಮಾಸ್ತ ಅದೇ ಚೀಟಿಯಲ್ಲಿ ಅಕ್ಷರ ಹೊಡೆದುಹಾಕಿ ಬರೀ 123 ಎಂದು ಓದಿಕೊಂಡು, ಆ ಜಮೀನಿನ ಪಹಣಿಯನ್ನೇ ತಿದ್ದಿಬಿಡುತ್ತಾನೆ! ಪಾಸ್‌ವರ್ಡ್ ಬೇಡ, ಲಾಗಿನ್ ಬೇಡ.

ಸುಕುರಿ ಎಂಬ ಭದ್ರತಾ ಸಂಸ್ಥೆ ಇದನ್ನು ಕಂಡುಹಿಡಿದು ತಂತ್ರಾಂಶದವರಿಗೆ ಗುಟ್ಟಾಗಿ ತಿಳಿಸಿತು. ಜನವರಿ 26ರಂದು, ನಮ್ಮ ಗಣರಾಜ್ಯೋತ್ಸವದ ದಿನವೇ, 4.7.2 ಎಂಬ ರಿಪೇರಿ ಹೊರಬಿತ್ತು. ಆದರೆ ಈ ದೋಷದ ಸುದ್ದಿಯನ್ನು ಬಾಯಿಬಿಡದೆ, ಬೇರೆ ಮೂರು ದೋಷ ಮಾತ್ರ ಹೇಳಿದರು. ಕಳ್ಳರಿಗೆ ತಿಳಿಯುವ ಮೊದಲು ಮನೆಯವರು ಬೀಗ ಹಾಕಿಕೊಳ್ಳಲಿ ಎಂಬ ಲೆಕ್ಕಾಚಾರ. ಫೆಬ್ರವರಿ 1ಕ್ಕೆ ವಿಷಯ ಬಹಿರಂಗವಾಯಿತು. ಕೆಲವೇ ದಿನಗಳಲ್ಲಿ 15 ಲಕ್ಷಕ್ಕೂ ಮೀರಿ ಪುಟಗಳು ಕುಲಗೆಟ್ಟವು. ಮೊದಲು ಬಂದವರು ತಮ್ಮ ಹೆಸರು ಬರೆದು ಮೆರೆದರು. ಹಿಂದೆ ಬಂದವರು ಔಷಧಿ ಜಾಹೀರಾತು ಅಂಟಿಸಿ ಕಾಸು ಮಾಡಲು ಹೊರಟರು.

ಪಾಪ ಎನ್ನುವಂತಿಲ್ಲ. ಸಣ್ಣ ರಿಪೇರಿಗಳು ತಾನಾಗಿಯೇ ಇಳಿಯುವ ಏರ್ಪಾಡು 2013ರಿಂದಲೇ ಇದೆ. ಅದನ್ನು ಆರಿಸಿ ಕೂತವರು, ಅಥವಾ ಸರ್ವರಿನ ದೆಸೆಯಿಂದ ಅದು ನಡೆಯದವರು ಸಿಕ್ಕಿಬಿದ್ದರು. ಆರಿಸುವುದಕ್ಕೂ ಕಾರಣವುಂಟು: ಅಪ್‌ಡೇಟ್ ಮಾಡಿದರೆ ಒಮ್ಮೊಮ್ಮೆ ಪುಟವೇ ಬೆಳ್ಳಗಾಗಿ ಕೂರುತ್ತದೆ. ಮೊದಲು ಒಂದು ಬ್ಯಾಕಪ್ ಇಟ್ಟುಕೊಂಡರೆ ಆ ಹೆದರಿಕೆ ಬೇಕಿಲ್ಲ. ಆದರೆ ಇಟ್ಟುಕೊಳ್ಳುವವರ್ಯಾರು?

ಪ್ಲಗಿನ್‌ಗಳ ಕಥೆ ಇನ್ನೂ ಬೇರೆ. ಫೋಟೋ ಓಡಿಸಲು ಒಂದು, ಫಾರಂ ತುಂಬಲು ಇನ್ನೊಂದು. ಇವು ತಾನಾಗಿ ಅಪ್‌ಡೇಟ್ ಆಗುವ ಸೌಲಭ್ಯ 2020ರಲ್ಲಿ ಬಂತು, ಆದರೆ ಅದನ್ನು ಮಾಲೀಕರೇ ಚಾಲೂ ಮಾಡಬೇಕು. ದುಡ್ಡಿನ ಥೀಮನ್ನು ಕದ್ದು ಪುಕ್ಕಟೆ ಹಂಚುವವರೂ ಇದ್ದಾರೆ. ಅಂಥದರಲ್ಲಿ ಹಿಂಬಾಗಿಲು ಸೇರಿಸಿಯೇ ಕೊಡುವುದುಂಟು.

"ನಮ್ಮ ಸಂಘದಲ್ಲಿ ಕದಿಯೋಕೇನಿದೆ ಸ್ವಾಮಿ?" ಎನ್ನಬಹುದು. ಕದಿಯುವುದೇ ಬೇಕಿಲ್ಲ. ಶುಲ್ಕ ಕಟ್ಟಬೇಕಾದ ಬ್ಯಾಂಕ್ ಖಾತೆಯ ನಂಬರ್ ಪುಟದಲ್ಲಿದ್ದು, ಅದರ ನಾಲ್ಕು ಅಂಕಿ ಬದಲಾದರೆ? ಹಳ್ಳಿಯಿಂದ ಮಗಳ ಫೀಸು ಕಳಿಸುವ ತಂದೆ ಕಾಲೇಜಿನ ಹೆಸರು ನೋಡಿಯೇ ಹಣ ಹಾಕುತ್ತಾನೆ. ಮಧ್ಯೆ ಕೈ ಯಾರದೆಂದು ಅವನಿಗೇನು ಗೊತ್ತು?

ವೆಬ್‌ಸೈಟಿಗೆ ಹೀಗೆ ಕನ್ನ ಬಿದ್ದರೆ, ತಿಳಿದ 6 ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನಲ್ಲಿ ಆದೇಶವಾಗಿದೆ. ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಇದು ಅನ್ವಯ. ಇಲ್ಲಿ ಎಷ್ಟೋ ಕಡೆ, ಬೆಂಗಳೂರು ಸೇರಿದ ಹುಡುಗನ ಈಗಿನ ಫೋನ್ ನಂಬರ್ ಹುಡುಕುವುದಕ್ಕೇ 6 ಗಂಟೆ ಸಾಲದು.