ಈದ ಎಮ್ಮೆಯ ಹಾಲುಜ್ವರವೂ ಮೈಯೊಳಗಿನ ಸುಣ್ಣಾಂಶವೂ

ಮಹಾಕೂಟದ ವಿಷ್ಣುಪುಷ್ಕರಿಣಿಯನ್ನು ಬಾದಾಮಿ ಸೀಮೆಯ ರೈತರೆಲ್ಲರೂ ಬಲ್ಲರು. ಜನರು ಮಿಂದು, ಕೊಡ ತುಂಬಿಕೊಂಡು ಹೋದರೂ ಒಳಗಿನ ಸೆಲೆಯು ಹೊಂಡವನ್ನು ತುಂಬುತ್ತಿರುವುದು. ದನಗಳ ರಕ್ತದಲ್ಲಿರುವ ಸುಣ್ಣಾಂಶದ, ಅಂದರೆ ಕ್ಯಾಲ್ಸಿಯಮ್ಮಿನ, ಏರ್ಪಾಡೂ ಇದೇ ಬಗೆಯದು.

ಮೈಯ ಸುಣ್ಣಾಂಶದಲ್ಲಿ ನೂರಕ್ಕೆ 98 ಪಾಲಿಗೂ ಹೆಚ್ಚು ಎಲುಬು ಹಲ್ಲುಗಳಲ್ಲಿ ಅಡಗಿರುತ್ತದೆ. ರಕ್ತದಲ್ಲಿರುವುದು ಅತ್ಯಲ್ಪ, 100 ಮಿಲಿಲೀಟರಿಗೆ 9ರಿಂದ 10 ಮಿಲಿಗ್ರಾಂ. ಆದರೆ ಸ್ನಾಯುಗಳು ಸೆಳೆಯುವುದೂ ಗುಂಡಿಗೆ ಬಡಿಯುವುದೂ ಈ ಅಲ್ಪದ ಆಧಾರದಿಂದಲೇ. ಅದು ತುಸು ಇಳಿದೊಡನೆ ಕೊರಳಿನಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಚಿಕ್ಕ ಗ್ರಂಥಿಗಳು ರಕ್ತಕ್ಕೆ ಒಂದು ರಸವನ್ನು ಬಿಡುತ್ತವೆ. ಆ ರಸವು ಎಲುಬಿನಿಂದ ಸುಣ್ಣಾಂಶವನ್ನು ಹೊರಡಿಸುತ್ತದೆ. ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ. ಡಿ ಜೀವಸತ್ವವನ್ನು ಚುರುಕುಗೊಳಿಸಿ, ಕರುಳು ಮೇವಿನಿಂದ ಹೆಚ್ಚು ಹೀರುವಂತೆ ಮಾಡುತ್ತದೆ.

ಈದ ದಿನವೇ ಈ ಏರ್ಪಾಡಿಗೆ ಕಠಿನ ಪರೀಕ್ಷೆ. ಒಳ್ಳೆಯ ಆಕಳಿನ 10 ಲೀಟರು ಗಿಣ್ಣದ ಹಾಲಿನಲ್ಲಿ 20 ಗ್ರಾಮಿನಷ್ಟು ಸುಣ್ಣಾಂಶ ಹೋಗುವುದು. ರಕ್ತದಲ್ಲಿರುವುದು ಸುಮಾರು 3 ಗ್ರಾಂ ಮಾತ್ರ. ಎಲುಬಿನಿಂದ ಬರುವುದು ತಡವಾದರೆ, ಮೂರು ಸೂಲು ಕಂಡ, ಹೆಚ್ಚು ಹಿಂಡುವ ಎಮ್ಮೆಯಾಗಲಿ ಆಕಳಾಗಲಿ ಎರಡು ಮೂರು ದಿನಗಳೊಳಗೆ ತತ್ತರಿಸಿ ಕುಸಿದು, ಕೊರಳನ್ನು ಪಕ್ಕೆಗೆ ತಿರುವಿ ಮಲಗುವುದು. ಕಿವಿಗಳು ತಣ್ಣಗಾಗುವವು, ಮೂಗಿನ ತೇವ ಆರುವುದು. ಇದೇ ಹಾಲುಜ್ವರ. ಮೈಯೇ ತಣ್ಣಗಾಗುವ ಬೇನೆಗೆ ಜ್ವರವೆಂಬ ಹೆಸರು ಒಪ್ಪದು. ಬಿಸಿ ಇಲ್ಲವಲ್ಲಾ ಎಂದು ಕಾಯುತ್ತ ಕೂತರೆ ಮನೆಯ ಹಾಲಿನ ಆಸರೆಯೇ ಒಂದು ದಿನದೊಳಗೆ ಹೋದೀತು.

1897ರಲ್ಲಿ ಡೆನ್ಮಾರ್ಕಿನ ಶ್ಮಿತ್ ಎಂಬ ಪಶುವೈದ್ಯನು ಇದಕ್ಕಾಗಿ ಕೆಚ್ಚಲೊಳಗೆ ಮದ್ದು ಹೊಗಿಸಿದನು. ಬಳಿಕ ಬರಿಯ ಗಾಳಿ ತುಂಬಿದರೂ ದನವು ಏಳುವುದೆಂದು ಕಂಡುಬಂದಿತು. ಗಾಳಿಯ ಒತ್ತಡಕ್ಕೆ ಹಾಲು ನಿಂತು, ಸುಣ್ಣಾಂಶವು ರಕ್ತದಲ್ಲಿಯೇ ಉಳಿಯುತ್ತಿತ್ತು. ಈಗ ಪಶುವೈದ್ಯರು ಕ್ಯಾಲ್ಸಿಯಂ ಬೋರೋಗ್ಲುಕೋನೇಟನ್ನು ರಕ್ತನಾಳಕ್ಕೆ ಮೆಲ್ಲನೆ ಏರಿಸುತ್ತಾರೆ. ಅವಸರ ಮಾಡಿದರೆ ಗುಂಡಿಗೆ ನಿಲ್ಲುವ ಭಯವಿರುವುದರಿಂದ ಇದು ಊರವರ ಕೈಯ ಕೆಲಸವಲ್ಲ. ಅವರು ಬರುವವರೆಗೆ ದನವನ್ನು ಎದೆಯ ಮೇಲೆ ಕೂಡ್ರಿಸಿ, ಎರಡೂ ಪಕ್ಕಕ್ಕೆ ಹುಲ್ಲಿನ ಮೂಟೆಗಳನ್ನು ಆನಿಸತಕ್ಕದ್ದು. ಗೊಟ್ಟದಿಂದ ಬಾಯಿಗೆ ಏನನ್ನೂ ಹೊಯ್ಯಕೂಡದು; ನುಂಗಲಾರದೆ ಶ್ವಾಸಕೋಶಕ್ಕೆ ಇಳಿದೀತು.

ಗಬ್ಬದ ಎಮ್ಮೆಗೆ ಬಲ ಬರಲೆಂದು ಕಡೆಯ ಮೂರು ವಾರ ಶೇಂಗಾಬಳ್ಳಿಯನ್ನೇ ಹಾಕುವುದೂ ಸುಣ್ಣದ ತಿಳಿ ಕುಡಿಸುವುದೂ ತಪ್ಪು. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಗ್ರಂಥಿಗಳು ಜಡವಾಗಿ, ಒಳಗಿನ ಸೆಲೆ ತೆರೆಯುವ ರೂಢಿ ತಪ್ಪುವುದು. ಆ ವಾರಗಳಲ್ಲಿ ಜೋಳದ ಕಣಿಕೆಯದೇ ಹೆಚ್ಚಿನ ಪಾಲಿರಲಿ. ಶೇಂಗಾಬಳ್ಳಿಯನ್ನೂ ಸುಣ್ಣಾಂಶವುಳ್ಳ ಖನಿಜ ಮಿಶ್ರಣವನ್ನೂ ಈದ ದಿನದಿಂದ ಕೊಡತಕ್ಕದ್ದು. ಹಿಂದೊಮ್ಮೆ ಹೀಗೆ ಬಿದ್ದೆದ್ದ ದನದ ಕೆಚ್ಚಲನ್ನು ಮೊದಲೆರಡು ದಿನ ಪೂರ್ತಿ ಬರಿದುಮಾಡದೆ, ಕರುವಿಗೆ ಬೇಕಾದಷ್ಟನ್ನೇ ಹಿಂಡತಕ್ಕದ್ದು.