ಆಲ್ಪ್ಸ್ ಏರುತ್ತಿರುವ ಬಸವನಹುಳು

ಸ್ವಿಟ್ಜರ್ಲೆಂಡಿಗೆ ಕಡಲಿಲ್ಲ. ನಾಲ್ಕು ದಿಕ್ಕಿನಲ್ಲಿಯೂ ಪರದೇಶಗಳ ನೆಲದಿಂದ ಸುತ್ತುವರಿದ ಆ ಪುಟ್ಟ ಪರ್ವತರಾಜ್ಯದಲ್ಲಿ ಚಿಪ್ಪು ಹೊತ್ತ ಜೀವಿಗಳನ್ನು ಹುಡುಕಹೊರಡುವವನನ್ನು ಕಂಡರೆ ಯಾರಿಗಾದರೂ ನಗು ಬಂದೀತು. ಶಂಖ, ಕವಡೆ, ಚಿಪ್ಪುಗಳೆಂದರೆ ಕಡಲತೀರದ ಸೊತ್ತು ಎಂಬುದು ಸಾಮಾನ್ಯರ ಎಣಿಕೆಯಷ್ಟೆ. ಆದರೆ ಅಲ್ಲಿಯ ಸರೋವರ, ತೊರೆ, ಬಂಡೆಯ ಸಂದು, ಕಾಡಿನ ತರಗೆಲೆಯ ಅಡಿ, ಎಲ್ಲಿ ನೋಡಿದರೂ ಬಸವನಹುಳುಗಳುಂಟು. ಚಿಪ್ಪುಳ್ಳವು, ಚಿಪ್ಪಿಲ್ಲದವು ಎಲ್ಲವೂ ಸೇರಿ ಇನ್ನೂರಕ್ಕೂ ಮಿಕ್ಕ ಬಗೆಗಳು. ಕೆಲವು ಸಾಸಿವೆ ಕಾಳಿಗಿಂತ ದೊಡ್ಡವಲ್ಲ. ಕೆಲವು ನಿಂಬೆಹಣ್ಣಿನ ಗಾತ್ರದವು.

ಕನ್ನಡಿಗರು ಈ ಪ್ರಾಣಿಗೆ ಇಟ್ಟಿರುವ ಹೆಸರು ಬಲು ಸೊಗಸಾದದ್ದು. ತಲೆಯ ಮೇಲೆ ಕೊಂಬು, ಬೆನ್ನಿನ ಮೇಲೆ ಡುಬ್ಬದಂಥ ಚಿಪ್ಪು, ನಡಿಗೆ ಮಂದ, ಬಸವನೇ ಸರಿ. ನೆಲದ ಮೇಲಿನ ಬಸವನಹುಳುವಿಗೆ ಆ ಉದ್ದನೆಯ ಕೊಂಬಿನ ತುದಿಯಲ್ಲಿಯೇ ಕಣ್ಣು. ಕೆರೆಯ ನೀರಿನಲ್ಲಿದ್ದು ಗಾಳಿ ಕುಡಿಯಲು ಮೇಲಕ್ಕೆ ಬರುವ ಜಾತಿಗಳಿಗಾದರೋ ಕಣ್ಣು ಕೊಂಬಿನ ಬುಡದಲ್ಲಿರುತ್ತದೆ.

ಚಿಪ್ಪು ಸುಣ್ಣದಿಂದಾದುದು. ಹುಳು ಬೆಳೆದಂತೆಲ್ಲ ಚಿಪ್ಪಿನ ಬಾಯಂಚಿಗೆ ಹೊಸ ಸುಣ್ಣವನ್ನು ಮೆತ್ತುತ್ತ ಹೋಗುತ್ತದೆ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವ ಪದ್ಧತಿ ಅದಕ್ಕಿಲ್ಲ. ಆದುದರಿಂದ ಎಳವೆಯಲ್ಲಿ ಕಟ್ಟಿದ ಸುತ್ತು ತುದಿಯಲ್ಲಿಯೂ ಪ್ರಾಯದಲ್ಲಿ ಕಟ್ಟಿದ ಸುತ್ತು ಬಾಯಿಯ ಬಳಿಯೂ ಹಾಗೆಯೇ ಉಳಿಯುತ್ತವೆ. ತಾನು ಬದುಕಿದ ನೆಲದ ಲೆಕ್ಕವನ್ನು ತನ್ನ ಮೈಮೇಲೆ ಬರೆದುಕೊಂಡಿರುವ ಪ್ರಾಣಿ ಇದು. ಸುಣ್ಣಕಲ್ಲಿನ ಜೂರಾ ಬೆಟ್ಟಗಳಲ್ಲಿ ಬಸವನಹುಳುಗಳು ಹುಲುಸಾಗಿರುವುದೂ, ಗ್ರಾನೈಟಿನ ಶಿಖರಗಳಲ್ಲಿ ವಿರಳವಾಗಿರುವುದೂ ಈ ಕಾರಣದಿಂದಲೇ.

ಇವುಗಳಲ್ಲೆಲ್ಲ ಹಿರಿಯದು ದ್ರಾಕ್ಷಿತೋಟದ ಬಸವನಹುಳು. ಚಳಿಗಾಲ ಸಮೀಪಿಸಿತೆಂದರೆ ಅದು ಮಣ್ಣಿನಲ್ಲಿ ಹೂತುಕೊಂಡು, ಚಿಪ್ಪಿನ ಬಾಯಿಗೆ ಸುಣ್ಣದ ಗಟ್ಟಿ ಮುಚ್ಚಳವೊಂದನ್ನು ಕಟ್ಟಿ, ವಸಂತ ಬರುವವರೆಗೆ ಉಸಿರನ್ನೂ ಮಿತಗೊಳಿಸಿ ಮಲಗಿಬಿಡುತ್ತದೆ. ಮುಚ್ಚಳ ಬಿದ್ದಿರುವ ಈ ಹುಳು ಬಹುಕಾಲ ಕೆಡದೆ ಇರುವುದರಿಂದ, ಮಾಂಸ ನಿಷಿದ್ಧವಾದ ಉಪವಾಸದ ದಿನಗಳಿಗೆಂದು ಕ್ರೈಸ್ತ ಮಠಗಳ ಸನ್ಯಾಸಿಗಳು ಇದನ್ನು ತೋಟಗಳಲ್ಲಿ ಸಾಕುತ್ತಿದ್ದರು. ಬಸವನಹುಳು ಮಾಂಸವಲ್ಲವೆಂದು ಯಾವ ಪಂಡಿತರು ತೀರ್ಪಿತ್ತರೋ! ಈಗ ಅದಕ್ಕೆ ಕಾನೂನಿನ ರಕ್ಷಣೆಯುಂಟು. ಮನಬಂದಂತೆ ಆರಿಸಿಕೊಂಡು ಹೋಗುವಂತಿಲ್ಲ. ಇದರ ಚಿಪ್ಪು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸುತ್ತಿರುತ್ತದೆ. ಸಾವಿರಾರು ಹುಳುಗಳಲ್ಲಿ ಒಂದು ಮಾತ್ರ ತಿರುವುಮುರುವಾಗಿ ಹುಟ್ಟುತ್ತದೆ. ಜರ್ಮನ್ ಆಡುವ ಜನ ಅದನ್ನು ಬಸವನಹುಳುಗಳ ರಾಜನೆಂದು ಕರೆಯುತ್ತಾರೆ. ನಮ್ಮಲ್ಲಿ ದೇವರ ಮನೆಯಲ್ಲಿಟ್ಟು ಪೂಜಿಸುವ ಬಲಮುರಿ ಶಂಖದ ಹಿರಿಮೆಗೂ ಇಂಥದೇ ವೈಪರೀತ್ಯ ಕಾರಣವೆಂಬುದು ಇಲ್ಲಿ ನೆನಪಿಗೆ ಬರುತ್ತದೆ.

ಶಾಲೆಯ ಹುಡುಗನೂ ಸರೋವರದ ಹುಳುವೂ

ಪಶ್ಚಿಮ ಸ್ವಿಟ್ಜರ್ಲೆಂಡಿನಲ್ಲಿ, ಜೂರಾ ಬೆಟ್ಟಗಳ ತಪ್ಪಲಿನಲ್ಲಿ, ನ್ಯೂಶಾಟೆಲ್ ಎಂಬ ಊರು. ಊರಿನ ಹೆಸರೇ ಅದರ ಸರೋವರಕ್ಕೂ. ೧೯೦೭ರಲ್ಲಿ ಅಲ್ಲಿಯ ಹತ್ತು ವರ್ಷದ ಬಾಲಕನೊಬ್ಬ ಉದ್ಯಾನದಲ್ಲಿ ಬಿಳಿಯ ಗುಬ್ಬಚ್ಚಿಯೊಂದನ್ನು ಕಂಡನು. ಅದನ್ನು ಕುರಿತು ಒಂದು ಪುಟದಷ್ಟು ಬರೆದು ಸ್ಥಳೀಯ ಪ್ರಕೃತಿಪ್ರಿಯರ ಪತ್ರಿಕೆಗೆ ಕಳುಹಿಸಿದನು. ಅದು ಅಚ್ಚಾಯಿತು. ಈ ಧೈರ್ಯದ ಮೇಲೆ ಆತ ಊರಿನ ಪ್ರಕೃತಿ ವಸ್ತುಸಂಗ್ರಹಾಲಯದ ನಿರ್ದೇಶಕರಾದ ಪಾಲ್ ಗೊಡೆ ಅವರಿಗೆ ಪತ್ರ ಬರೆದು, ಸಂದರ್ಶಕರಿಗೆ ಬಾಗಿಲು ಮುಚ್ಚಿದ ಮೇಲೆ ಒಳಗೆ ಬಂದು ಸಂಗ್ರಹಗಳನ್ನು ನೋಡಲು ಅಪ್ಪಣೆ ಬೇಡಿದನು.

ಗೊಡೆ ಅವರು ಬಸವನಹುಳುಗಳ ಶಾಸ್ತ್ರದಲ್ಲಿ ನುರಿತ ವಿದ್ವಾಂಸರು, ವಯಸ್ಸಾದವರು. ಹುಡುಗನ ಪತ್ರವನ್ನು ಕಸದ ಬುಟ್ಟಿಗೆ ಎಸೆಯುವ ಬದಲು ಅವನನ್ನು ಕರೆಸಿಕೊಂಡರು. ವಾರಕ್ಕೆ ಎರಡು ದಿನ ಆತ ಬಂದು ಚಿಪ್ಪುಗಳಿಗೆ ಹೆಸರಿನ ಚೀಟಿ ಅಂಟಿಸುವುದು. ಅದಕ್ಕೆ ಪ್ರತಿಯಾಗಿ ಅವರು ಅಪರೂಪದ ಚಿಪ್ಪುಗಳನ್ನು ಕೊಟ್ಟು, ಅವುಗಳ ಜಾತಿ ಕುಲಗಳನ್ನು ಗುರುತಿಸುವುದನ್ನು ಕಲಿಸುವುದು. ಈ ಗುರುಕುಲ ೧೯೧೧ರಲ್ಲಿ ಗೊಡೆಯವರು ತೀರಿಕೊಳ್ಳುವವರೆಗೂ ನಡೆಯಿತು. ಅಷ್ಟರೊಳಗೆ ಹುಡುಗನಿಗೆ ತಾನೇ ಲೇಖನಗಳನ್ನು ಬರೆಯುವಷ್ಟು ವಿದ್ಯೆ ಬಂದಿತ್ತು. ಲೇಖನಗಳನ್ನು ಓದಿದ ಹೊರಗಿನ ವಿದ್ವಾಂಸರು ಲೇಖಕರನ್ನು ಭೇಟಿಯಾಗಬೇಕೆಂದು ಬರೆದರೆ, ಆತ ಶಾಲೆಯ ಹುಡುಗನೆಂಬ ಸಂಕೋಚದಿಂದ ಮುಖ ತೋರಿಸಲಾರದೆ ತಪ್ಪಿಸಿಕೊಳ್ಳುತ್ತಿದ್ದನು. ಜಿನೀವದ ವಸ್ತುಸಂಗ್ರಹಾಲಯದಲ್ಲಿ ಚಿಪ್ಪುಗಳ ವಿಭಾಗವನ್ನು ನೋಡಿಕೊಳ್ಳುವ ಹುದ್ದೆಯೇ ಅವನನ್ನು ಹುಡುಕಿಕೊಂಡು ಬಂದಿತು. ಶಾಲೆಯ ಅಂತಿಮ ಪರೀಕ್ಷೆಗೆ ಇನ್ನೂ ಎರಡು ವರ್ಷ ಬಾಕಿಯಿದ್ದುದರಿಂದ ಅದನ್ನು ಬಿಡಬೇಕಾಯಿತು.

ಈ ಹುಡುಗನೇ ಮುಂದೆ ಮಕ್ಕಳ ಮನಸ್ಸು ಹೇಗೆ ಅರಳುತ್ತದೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟ ಜೀನ್ ಪಿಯಾಜೆ. ಶಿಕ್ಷಕರ ತರಬೇತಿ ಪಡೆದವರೆಲ್ಲರೂ ಆತನ ಹೆಸರನ್ನು ಬಲ್ಲರು. ಆದರೆ ೧೯೧೮ರಲ್ಲಿ ಆತ ಡಾಕ್ಟರೇಟು ಪಡೆದದ್ದು ಮಕ್ಕಳ ಕುರಿತಾಗಿ ಅಲ್ಲ, ವಾಲೆ ಪ್ರಾಂತದ ಬಸವನಹುಳುಗಳ ಕುರಿತಾಗಿ ಎಂಬುದನ್ನು ಬಲ್ಲವರು ವಿರಳ.

ಮನಶ್ಶಾಸ್ತ್ರಕ್ಕೆ ಬಂದ ಮೇಲೆಯೂ ಪಿಯಾಜೆ ಬಸವನಹುಳುವನ್ನು ಬಿಡಲಿಲ್ಲ. ಆತನನ್ನು ಕಾಡಿದ್ದು ಲಿಮ್ನಿಯ ಎಂಬ ಕೆರೆಯ ಹುಳು. ನಿಂತ ನೀರಿನ ಕೊಳಗಳಲ್ಲಿ ಇದರ ಚಿಪ್ಪು ಗೋಪುರದಂತೆ ನೀಳವಾಗಿ, ಮೊನಚಾಗಿ ಬೆಳೆಯುತ್ತದೆ. ದೊಡ್ಡ ಸರೋವರಗಳ ಅಲೆ ಬಡಿಯುವ ದಡದಲ್ಲಿ ಅದೇ ಜಾತಿಯ ಹುಳುವಿನ ಚಿಪ್ಪು ಕುಳ್ಳಗೆ, ಅಗಲಬಾಯಿಯದಾಗಿರುತ್ತದೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಲೆ ಬಂದು ಹೊಡೆದಾಗಲೆಲ್ಲ ಹುಳು ತನ್ನ ಪಾದದಿಂದ ಕಲ್ಲನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು. ಬೆಳೆಯುವ ಪ್ರಾಯದಲ್ಲಿ ಹಗಲಿರುಳೂ ಹೀಗೆ ಸ್ನಾಯು ಜಗ್ಗುತ್ತಿದ್ದರೆ ಚಿಪ್ಪಿನ ಬಾಯಿ ಹಿಗ್ಗುತ್ತದೆ, ಗೋಪುರ ಕುಗ್ಗುತ್ತದೆ. ನ್ಯೂಶಾಟೆಲ್ ಸರೋವರದ ಅಲೆಗಳ ಹೊಡೆತವೇ ಚಿಪ್ಪಿನ ಮೇಲೆ ಅಚ್ಚೊತ್ತಿದಂತಾಯಿತು.

ಇಲ್ಲಿಯವರೆಗೆ ವಿಶೇಷವೇನೂ ಇಲ್ಲ. ಪಿಯಾಜೆ ಆ ಕುಳ್ಳ ಹುಳುಗಳನ್ನು ಅಲೆಯಿಲ್ಲದ ಗಾಜಿನ ತೊಟ್ಟಿಗಳಲ್ಲಿ ಬಿಟ್ಟು ಸಾಕಿದನು. ಮರಿಗಳಾದವು, ಮರಿಗಳಿಗೆ ಮರಿಗಳಾದವು. ತಲೆಮಾರು ಕಳೆದರೂ ಅವು ನೀಳವಾಗಲಿಲ್ಲ. ಎಂದೂ ಅಲೆಯನ್ನು ಕಾಣದ ಮೊಮ್ಮಕ್ಕಳೂ ಕುಳ್ಳಗೇ ಬೆಳೆದವು! ೧೯೨೯ರಲ್ಲಿ ಆತ ಇದನ್ನು ಪ್ರಕಟಿಸಿದನು. ಹಾಗಾದರೆ ತಂದೆತಾಯಿಗಳು ಪಟ್ಟ ಪಾಡು ಮಕ್ಕಳ ರಕ್ತಕ್ಕೆ ಇಳಿಯುತ್ತದೆಯೇ? ವಂಶವಾಹಿನಿಗಳನ್ನು ಅಭ್ಯಸಿಸುವವರು ಇದನ್ನು ಒಪ್ಪಲಿಲ್ಲ. ಅಲೆಯ ದಡದಲ್ಲಿ ಕುಳ್ಳ ಹುಳುಗಳೇ ಬದುಕಿ ನೀಳವಾದವು ಅಳಿದಿರಬೇಕು, ಉಳಿದವುಗಳ ಸಂತತಿ ಕುಳ್ಳಗಿರುವುದರಲ್ಲಿ ಸೋಜಿಗವೇನು, ಎಂದರು. ಅವರ ವಾದವೇ ಬಲವಾದದ್ದು ಎನ್ನಬೇಕು. ಪಿಯಾಜೆಗೆ ಮಾತ್ರ ಅದರಿಂದ ಪೂರ್ತಿ ಸಮಾಧಾನವಾಗಲಿಲ್ಲ. ಜೀವಿ ಪರಿಸರದ ಕೈಯಲ್ಲಿ ಸುಮ್ಮನೆ ಬಿದ್ದಿರುವ ಜೇಡಿಮಣ್ಣಲ್ಲ, ತಾನೂ ಅದಕ್ಕೆ ಎದುರುತ್ತರ ಕೊಡುತ್ತದೆ ಎಂಬ ವಿಚಾರವನ್ನು ಆತ ಹುಳುವಿನಿಂದ ಮಗುವಿನವರೆಗೂ ಕೊಂಡೊಯ್ದನು.

ಎಲ್ಲ ಬಸವನಹುಳುಗಳೂ ಇಂಥ ತತ್ತ್ವಚಿಂತನೆಗೆ ಎಡೆಗೊಡುವ ಸಾಧುಪ್ರಾಣಿಗಳಲ್ಲ. ಬೆಟ್ಟದ ಹುಲ್ಲುಗಾವಲಿನಲ್ಲಿ, ಹಸುಗಳ ಗೊರಸಿನ ಗುಳಿಗಳಲ್ಲಿ ನಿಂತ ನೀರಿನಲ್ಲಿ, ಬೆರಳ ಉಗುರಿನಷ್ಟು ಇರುವ ಹುಳುವೊಂದು ವಾಸಿಸುತ್ತದೆ. ರಾಸುಗಳ ಪಿತ್ತಜನಕಾಂಗವನ್ನು ತಿನ್ನುವ ಚಪ್ಪಟೆ ಜಂತು ತನ್ನ ಬಾಲ್ಯವನ್ನು ಕಳೆಯುವುದು ಇದರ ಹೊಟ್ಟೆಯಲ್ಲಿ. ಅಲ್ಲಿಂದ ಹೊರಬಿದ್ದು ಹುಲ್ಲಿಗೆ ಅಂಟಿಕೊಂಡು ಮೇಯುವ ಹಸುವಿನ ಒಳಸೇರುತ್ತದೆ. ೧೮೮೧ರಿಂದ ೧೮೮೩ರ ನಡುವೆ ಜರ್ಮನಿಯ ಲಾಯ್ಕಾರ್ಟ್, ಇಂಗ್ಲೆಂಡಿನ ಥಾಮಸ್ ಎಂಬಿಬ್ಬರು ಬೇರೆಬೇರೆಯಾಗಿ ಈ ಗುಟ್ಟನ್ನು ಬಯಲಿಗೆಳೆದರು. ನಮ್ಮ ಮಲೆನಾಡಿನ ರಾಸುಗಳನ್ನು ಬಾಧಿಸುವ ಜಂತು ಇದರ ದಾಯಾದಿ. ಅದಕ್ಕೂ ಆಶ್ರಯ ಕೊಡುವುದು ನೀರಿನ ಬಸವನಹುಳುವೇ.

ನೂರು ವರ್ಷದ ಪಯಣ

ಸರೋವರದ ದಡದಿಂದ ಈಗ ಬೆಟ್ಟದ ನೆತ್ತಿಗೆ ಹೋಗಬೇಕು. ದೇಶದ ಪೂರ್ವದ ಅಂಚಿನಲ್ಲಿರುವ ಎಂಗಡೀನ್ ಕಣಿವೆಯಲ್ಲಿ ೧೯೧೪ರ ಆಗಸ್ಟ್ ೧ರಂದು ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಉದ್ಯಾನ ಆರಂಭವಾಯಿತು. ಸುಮಾರು ೧೭೦ ಚದರ ಕಿಲೋಮೀಟರಿನ ಆ ಪ್ರದೇಶದಲ್ಲಿ ಮರ ಕಡಿಯುವಂತಿಲ್ಲ, ದನ ಮೇಯಿಸುವಂತಿಲ್ಲ, ಹೂ ಕೀಳುವಂತಿಲ್ಲ. ಸಂದರ್ಶಕರು ಕಾಲುದಾರಿಯನ್ನು ಬಿಟ್ಟು ಒಂದು ಹೆಜ್ಜೆ ಇಡುವಂತಿಲ್ಲ. ಮನುಷ್ಯನ ಕೈ ಸೋಕದಿದ್ದರೆ ಪ್ರಕೃತಿ ಏನು ಮಾಡುತ್ತದೆಂಬುದನ್ನು ನೋಡುವುದೇ ಅದರ ಉದ್ದೇಶ.

ನೋಡಬೇಕಾದರೆ ಮೊದಲು ಇರುವುದನ್ನು ಬರೆದಿಡಬೇಕಲ್ಲವೆ? ೧೯೧೬–೧೭ರಲ್ಲಿ ಬ್ಯೂಟಿಕೋಫರ್ ಎಂಬ ಪ್ರಾಣಿಶಾಸ್ತ್ರಜ್ಞ ಆ ಬೆಟ್ಟಗಳನ್ನು ಹತ್ತಿಳಿದು, ಯಾವ ಬಸವನಹುಳು ಯಾವ ಇಳಿಜಾರಿನಲ್ಲಿ ಎಷ್ಟು ಎತ್ತರದವರೆಗೆ ಇದೆಯೆಂದು ಗುರುತುಮಾಡಿಟ್ಟನು. ಯೂರೋಪಿನ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಹುಳುಗಳ ವಿಳಾಸ ಬರೆಯುತ್ತ ಕುಳಿತವನನ್ನು ಕಂಡು ಮೆಚ್ಚಿದವರು ಎಷ್ಟು ಮಂದಿಯೋ!

ಆ ಪಟ್ಟಿಯಲ್ಲಿ ಅರಿಯಾಂಟ ಎಂಬುದೊಂದು ಹುಳು ಉಂಟು. ಎರಡು ಸೆಂಟಿಮೀಟರಿನಷ್ಟು ಅಗಲದ ಕಂದು ಚಿಪ್ಪು, ಮೇಲೆ ಹಳದಿಯ ಚುಕ್ಕೆಗಳು, ಸುತ್ತಲೂ ಒಂದು ಕಪ್ಪು ಪಟ್ಟೆ. ತಂಪು ತೇವಗಳನ್ನು ಬಯಸುವ ಪ್ರಾಣಿ. ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ಕಾಲ ಹಿಮದ ಕೆಳಗೆ ಮಲಗಿದ್ದು, ಉಳಿದ ಕೆಲವೇ ತಿಂಗಳಲ್ಲಿ ತಿಂದು, ಬೆಳೆದು, ಮೊಟ್ಟೆಯಿಟ್ಟು ಮುಗಿಸಬೇಕು. ಒಂದು ಬೇಸಗೆಯಲ್ಲಿ ಅದು ಹುಟ್ಟಿದೆಡೆಯಿಂದ ಸರಿಯುವುದು ಕೆಲವೇ ಮೀಟರುಗಳಷ್ಟು ದೂರ.

ಇದು ಬಿಸಿಯನ್ನು ಎಷ್ಟು ಸಹಿಸಲಾರದೆಂಬುದು ಮೊದಲು ತಿಳಿದುಬಂದದ್ದು ಬೆಟ್ಟದಲ್ಲಲ್ಲ, ಬಾಸೆಲ್ ನಗರದ ಸುತ್ತಮುತ್ತ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಈ ಹುಳು ಇದ್ದ ೨೯ ಜಾಗಗಳನ್ನು ಯಾರೋ ದಾಖಲಿಸಿದ್ದರು. ೧೯೯೩ರಲ್ಲಿ ಬ್ರೂನೋ ಬೌರ್ ಮತ್ತು ಅನೆಟ್ ಬೌರ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವುಗಳಲ್ಲಿ ೧೬ ಜಾಗಗಳಲ್ಲಿ ಅದು ಕಣ್ಮರೆಯಾಗಿತ್ತು. ಎಂಟು ಕಡೆ ಕಟ್ಟಡಗಳು ಎದ್ದಿದ್ದವು; ಅದು ಸರಿ. ಉಳಿದ ಎಂಟು ಕಡೆ ಗಿಡಮರಗಳು ಹಿಂದಿದ್ದಂತೆಯೇ ಇದ್ದವು, ಹುಳು ಮಾತ್ರ ಇರಲಿಲ್ಲ. ಉಪಗ್ರಹ ತೆಗೆದ ಚಿತ್ರಗಳನ್ನು ಪರಿಶೀಲಿಸಿದಾಗ, ನಗರದ ಕಾವಿನಿಂದ ಆ ಎಡೆಗಳ ನೆಲ ಹೆಚ್ಚು ಬೆಚ್ಚಗಾಗಿದ್ದುದು ಗೊತ್ತಾಯಿತು. ಪ್ರಯೋಗಶಾಲೆಯಲ್ಲಿ ಕಾವು ಕೊಂಚ ಏರಿಸಿದರೆ ಸಾಕು, ಅರಿಯಾಂಟದ ಮೊಟ್ಟೆಗಳು ಸರಿಯಾಗಿ ಒಡೆಯುತ್ತಿರಲಿಲ್ಲ. ದೊಡ್ಡ ಹುಳು ಹೇಗೋ ನೆರಳು ಹುಡುಕಿ ಬದುಕೀತು. ಮೊಟ್ಟೆ ಎಲ್ಲಿಗೆ ಓಡೀತು?

ಆಮೇಲೆ ೨೦೧೧–೧೨ರಲ್ಲಿ ಈ ಬೌರ್ ದಂಪತಿಗಳು ಬ್ಯೂಟಿಕೋಫರನ ಹಳೆಯ ಬರಹವನ್ನು ಹಿಡಿದು ರಾಷ್ಟ್ರೀಯ ಉದ್ಯಾನದ ಅದೇ ಇಳಿಜಾರುಗಳನ್ನು ಹತ್ತಿದರು. ಅವನು ಇಲ್ಲಿಗೆ ಮುಗಿಯಿತು ಎಂದು ಬರೆದಿದ್ದ ಎತ್ತರವನ್ನು ದಾಟಿ ಮೇಲೆ ಹೋದರೂ ಹುಳುಗಳು ಸಿಗುತ್ತಲೇ ಇದ್ದವು. ಲೆಕ್ಕ ಹಾಕಿದಾಗ, ೯೫ ವರ್ಷಗಳಲ್ಲಿ ಅರಿಯಾಂಟದ ಮೇಲ್ಗಡಿ ಸರಾಸರಿ ೧೬೪ ಮೀಟರ್ ಏರಿತ್ತು. ಅದೇ ಅವಧಿಯಲ್ಲಿ ಅಲ್ಲಿಯ ವಾರ್ಷಿಕ ಸರಾಸರಿ ಉಷ್ಣತೆ ೧.೬ ಡಿಗ್ರಿ ಸೆಲ್ಸಿಯಸ್ ಏರಿತ್ತು. ಬಿಸಿಲು ಹೆಚ್ಚಾಗಿ ಬೀಳುವ ದಕ್ಷಿಣದ ಇಳಿಜಾರುಗಳಲ್ಲಿ ಏರಿಕೆ ಹೆಚ್ಚು, ಉತ್ತರದ ಕಡೆ ಕಡಿಮೆ.

ವರ್ಷಕ್ಕೆ ಒಂದೂಮುಕ್ಕಾಲು ಮೀಟರಿನಷ್ಟು ಎತ್ತರ. ಹುಳು ಯೋಚಿಸಿ ಗಂಟು ಕಟ್ಟಿಕೊಂಡು ಹೊರಟಿತೆಂದಲ್ಲ. ಹಿಂದೆಯೂ ಕೆಲವು ಹುಳುಗಳು ದಾರಿ ತಪ್ಪಿ ಮೇಲಕ್ಕೆ ಹೋಗುತ್ತಿದ್ದವು; ಅಲ್ಲಿಯ ಚಳಿಗೆ, ಬೇಸಗೆಯ ಅಲ್ಪಾವಧಿಗೆ ಅವುಗಳ ಮೊಟ್ಟೆಗಳು ಉಳಿಯುತ್ತಿರಲಿಲ್ಲ. ಈಗ ಹಿಮ ಬೇಗ ಕರಗುತ್ತದೆ, ಹುಲ್ಲು ಮೇಲೇರಿದೆ, ಮೊಟ್ಟೆ ಒಡೆಯಲು ದಿನಗಳು ಸಾಲುತ್ತವೆ. ಮರಿಗಳಲ್ಲಿ ಕೆಲವು ಇನ್ನೂ ನಾಲ್ಕು ಮಾರು ಮೇಲಕ್ಕೆ ಹೋಗುತ್ತವೆ. ಹಕ್ಕಿಯಾದರೆ ಒಂದು ಬೆಳಗಿನಲ್ಲಿ ಹಾರಿ ಮುಗಿಸುವ ದಾರಿಯನ್ನು ಇದು ಇಪ್ಪತ್ತು ಮೂವತ್ತು ತಲೆಮಾರುಗಳಲ್ಲಿ ತೆವಳಿ ಮುಗಿಸಿದೆ.

ಎಲ್ಲ ಇಳಿಜಾರಿನಲ್ಲಿಯೂ ಹೀಗೆ ದಾರಿ ತೆರೆದಿರಲಿಲ್ಲ. ಕೆಲವೆಡೆ ಬ್ಯೂಟಿಕೋಫರ್ ಕಂಡಿದ್ದ ಗಡಿಯ ಮೇಲುಗಡೆಯೇ ನೆಟ್ಟಗೆ ನಿಂತ ಬಂಡೆಯ ಗೋಡೆಯಿತ್ತು. ಮತ್ತೆ ಕೆಲವೆಡೆ ಮಣ್ಣೂ ಹುಲ್ಲೂ ಇಲ್ಲದ, ಕಾಲಿಟ್ಟರೆ ಜಾರುವ ಬರಿಯ ಕಲ್ಲುಚೂರುಗಳ ರಾಶಿ. ತಿನ್ನಲು ಎಲೆಯಿಲ್ಲದ, ಮೊಟ್ಟೆ ಹೂಳಲು ಮಣ್ಣಿಲ್ಲದ ಅಂಥ ನೆಲವನ್ನು ಬಸವನಹುಳು ದಾಟಲಾರದು. ಅಲ್ಲಿ ಅವು ೧೯೧೭ರಲ್ಲಿ ಎಲ್ಲಿದ್ದವೋ ೨೦೧೨ರಲ್ಲಿಯೂ ಅಲ್ಲಿಯೇ, ಗೋಡೆಯ ಬುಡದ ಹುಲ್ಲಿನಲ್ಲಿ ಇದ್ದವು.