ನಿಮಗಿದು ಗೊತ್ತೆ? ಡಿಸ್ಕ್ ಇಲ್ಲದ ಕಂಪ್ಯೂಟರೂ ಚಾಲೂ ಆಗುತ್ತದೆ!

ಹಾರ್ಡ್ ಡಿಸ್ಕೇ ಇಲ್ಲದ ಕಂಪ್ಯೂಟರಿನ ಗುಂಡಿ ಒತ್ತಿದರೆ, ಅದರ ನೆಟ್‌ವರ್ಕ್ ಕಾರ್ಡ್ ‘ನನಗೊಂದು ವಿಳಾಸ ಕೊಡಿ’ ಎಂದು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ಐಪಿ ವಿಳಾಸದ ಜೊತೆಗೆ ಬೂಟ್ ಫೈಲಿನ ಹೆಸರನ್ನೂ ತಿಳಿಸುತ್ತದೆ. ಆ ಫೈಲು ಟಿಎಫ್‌ಟಿಪಿ ಸರ್ವರಿನಿಂದ ಇಳಿದು ಬರುತ್ತದೆ. ಇದಕ್ಕೆ ಮೂಲವಾದ ಬೂಟ್‌ಪಿ ನಿಯಮಾವಳಿ ಪ್ರಕಟವಾದದ್ದು 1985ರಲ್ಲಿ. ಹೀಗೆ ಜಾಲದಿಂದ ಚಾಲೂ ಮಾಡುವ ಇಂದಿನ ವಿಧಾನ ಪಿಎಕ್ಸ್‌ಇ, ಇಂಟೆಲ್ ಕಂಪನಿಯ ಕೊಡುಗೆ.

ಚಾಲೂ ಆಗದಿದ್ದರೆ ಪರದೆಯ ಮೇಲಿನ ಸಂಕೇತವನ್ನು ಮೊದಲು ಓದಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ‘ಇ61’ ಬಂದರೆ ಕೇಬಲ್ ನೋಡಿ. ‘ಇ51’ ಅಂದರೆ ವಿಳಾಸ ಕೊಡುವವರೇ ಸಿಕ್ಕಿಲ್ಲ. ‘ಇ53’ರಲ್ಲಿ ಫೈಲಿನ ಹೆಸರು ಬಂದಿಲ್ಲ. ‘ಇ32’ ಆದರೆ ಟಿಎಫ್‌ಟಿಪಿ ಉತ್ತರಿಸುತ್ತಿಲ್ಲ. ಫೈರ್‌ವಾಲ್ ಯುಡಿಪಿ 69ನೇ ಪೋರ್ಟನ್ನು ತಡೆದಿರಬಹುದು.

ನಿಜವಾಗಿ ತಲೆ ತಿನ್ನುವುದು ಸ್ವಿಚ್. ಕೇಬಲ್ ಸರಿ, ಸರ್ವರ್ ಸರಿ, ಆದರೂ ‘ಇ51’! ಜಾಲದಲ್ಲಿ ಸುತ್ತುದಾರಿ ಉಂಟಾಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಹಳೆಯ ವಿಧಾನದಲ್ಲಿ ಹೊಸ ಸಂಪರ್ಕವನ್ನು ಸುಮಾರು 30 ಸೆಕೆಂಡ್ ತಡೆದಿಡುತ್ತದೆ. ಅಷ್ಟರಲ್ಲಿ ಕಾರ್ಡ್ ಕೂಗಿ ಕೂಗಿ ಸುಮ್ಮನಾಗಿರಬಹುದು. ಅನುಮಾನವಿದ್ದರೆ ನಡುವೆ ಒಂದು ಸಾದಾ ಪುಟ್ಟ ಸ್ವಿಚ್ ಸಿಕ್ಕಿಸಿ ನೋಡಿ. ಆಗ ಚಾಲೂ ಆದರೆ ಕಳ್ಳ ಸಿಕ್ಕಂತೆ. ದೊಡ್ಡ ಸ್ವಿಚ್‌ನ ಆ ಪೋರ್ಟಿಗೆ ಈ ಕಾಯುವಿಕೆ ತಪ್ಪಿಸುವ ‘ಪೋರ್ಟ್‌ಫಾಸ್ಟ್’ ಹಾಕಿದರಾಯಿತು.

ಇನ್ನೊಂದು ಮಾತು: ಹಳೆಯ ಬಯೋಸ್ ಯಂತ್ರಗಳಿಗೆಂದು ಇಟ್ಟ ಬೂಟ್ ಫೈಲು ಹೊಸ ಯುಇಎಫ್‌ಐ ಯಂತ್ರಗಳಲ್ಲಿ ನಡೆಯದು. ಎರಡಕ್ಕೂ ಬೇರೆ ಬೇರೆ ಫೈಲು ಬೇಕು.